ಪ್ಯಾನೆಲ್ ಬಿಸಿಲಿಗೆ, ಬ್ಯಾಟರಿ ನೆರಳಿಗೆ: ಮಳೆಗಾಲದ ಕತ್ತಲೆಗೊಂದು ಸೋಲಾರ್ ಚಾರ್ಜರ್

ಪುನರ್ವಸು ಮಳೆ ಹಿಡಿದು, ಕಾಡಿನ ನಡುವೆ ಎಲ್ಲೋ ಒಂದು ಮರ ಲೈನಿನ ಮೇಲೆ ಬಿತ್ತೆಂದರೆ ಮಲೆನಾಡಿನ ಒಂಟಿಮನೆಗೆ ಕರೆಂಟು ಮರಳಲು ಎರಡು ದಿನವೂ ಆಗಬಹುದು, ವಾರವೂ ಆಗಬಹುದು. ಅಷ್ಟು ದಿನ ಮನೆಯ ಇನ್ವರ್ಟರ್ ತಡೆಯುವುದಿಲ್ಲ, ಅದರ ಬ್ಯಾಟರಿ ತುಂಬಲಿಕ್ಕೂ ಕರೆಂಟೇ ಬೇಕು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ದಾರಿಗಳೇ ಮುಚ್ಚಿಹೋದಾಗ ಚಾರ್ಜ್ ಇರುವ ಒಂದು ಫೋನಿಗೆ ಎಷ್ಟು ಬೆಲೆ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೈಯಲ್ಲಿ ಹೊತ್ತೊಯ್ಯಬಹುದಾದ ಸೋಲಾರ್ ಪ್ಯಾನೆಲ್ ಮತ್ತು ಬ್ಯಾಟರಿ ಇಂಥ ಹೊತ್ತಿಗೆ ನಿಜಕ್ಕೂ ಕೈಹಿಡಿಯುತ್ತವೆ. ಆದರೆ ತಪ್ಪು ವಸ್ತು ಕೊಂಡು, ಮಳೆ ಶುರುವಾದ ಮೇಲೆ ಮೊದಲ ಬಾರಿ ಡಬ್ಬಿ ಬಿಚ್ಚಿದವರಿಗೆ ಅದು ಕೈಕೊಡುವುದೂ ಅಷ್ಟೇ ಖಚಿತ.

ಕೊಳ್ಳುವ ಮುಂಚೆ ಒಂದು ಲೆಕ್ಕ

ಪವರ್ ಬ್ಯಾಂಕಿನ ಮೇಲೆ ದೊಡ್ಡದಾಗಿ ಬರೆದಿರುವುದು ಎಂಎಎಚ್, ಅಂದರೆ ಮಿಲಿಆ್ಯಂಪ್-ಅವರ್. ವೋಲ್ಟೇಜ್ ಹೇಳದೆ ಬರೀ ಎಂಎಎಚ್ ಹೇಳುವುದು, ಯಾವ ಊರಿನ ಸೇರು ಎಂದು ಹೇಳದೆ ಅಕ್ಕಿ ಅಳೆದ ಹಾಗೆ. ನಮಗೆ ಬೇಕಾದ ಅಳತೆ ವ್ಯಾಟ್-ಅವರ್. ಒಳಗಿನ ಲಿಥಿಯಂ ಸೆಲ್ 3.7 ವೋಲ್ಟಿನದು. ಎಂಎಎಚ್ ಅಂಕಿಯನ್ನು ಸಾವಿರದಿಂದ ಭಾಗಿಸಿ ವೋಲ್ಟಿನಿಂದ ಗುಣಿಸಿದರೆ ವ್ಯಾಟ್-ಅವರ್. ಹಾಗಾಗಿ 10,000 ಎಂಎಎಚ್ ಎಂದರೆ 37 ವ್ಯಾಟ್-ಅವರ್, 20,000 ಎಂದರೆ 74. ಸೆಲ್ಲಿನ 3.7 ವೋಲ್ಟನ್ನು 5 ವೋಲ್ಟಿಗೆ ಏರಿಸುವಾಗ ಸ್ವಲ್ಪ ಶಾಖವಾಗಿ ಹೋಗುತ್ತದೆ. ಹೊರಗೆ ಸಿಗುವುದು ನೂರಕ್ಕೆ ಸುಮಾರು 85. 10,000ದ ಬ್ಯಾಂಕಿನ ಲೇಬಲ್ಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ರೇಟೆಡ್ ಕೆಪ್ಯಾಸಿಟಿ’ ಎಂದು 6,000ದ ಆಸುಪಾಸಿನ ಅಂಕಿ ಇದ್ದರೆ ಮೋಸ ಎಂದುಕೊಳ್ಳಬೇಡಿ. 5 ವೋಲ್ಟಿನ ಲೆಕ್ಕದಲ್ಲಿ ಅದೇ ಪ್ರಾಮಾಣಿಕ ಅಂಕಿ.

ಇನ್ನು ನಿಮ್ಮ ಮನೆಯ ಖರ್ಚು. 5,000 ಎಂಎಎಚ್ ಬ್ಯಾಟರಿಯ ಫೋನನ್ನು ಪೂರ್ತಿ ತುಂಬಲು 22 ವ್ಯಾಟ್-ಅವರ್ ಹಿಡಿಯಿರಿ. ಮಿತವಾಗಿ ಬಳಸಿ ದಿನಕ್ಕೆ ಅರ್ಧ ಚಾರ್ಜಿನಲ್ಲೇ ಮುಗಿಸಿದರೆ ಎರಡು ಫೋನಿಗೆ 22. ಅಡುಗೆಮನೆಯಲ್ಲಿ 3 ವ್ಯಾಟಿನ ಎಲ್‌ಇಡಿ ದೀಪ 5 ಗಂಟೆ ಉರಿದರೆ 15. ಒಟ್ಟು 37. ಅಂದರೆ 20,000ದ ಪವರ್ ಬ್ಯಾಂಕ್ ಬಿಸಿಲೇ ಕಾಣದೆ ಒಂದೂವರೆ ದಿನಕ್ಕಿಂತ ತುಸು ಹೆಚ್ಚು ಬರುತ್ತದೆ. ಮೂರು ದಿನದ ಕತ್ತಲೆಗೆ ಅಂಥವು ಎರಡು ಬೇಕು. ಮಲೆನಾಡಿನಲ್ಲಿ ದುಡ್ಡು ಮೊದಲು ಬ್ಯಾಟರಿಗೆ ಹೋಗಲಿ, ಆಮೇಲೆ ಪ್ಯಾನೆಲ್ಲಿಗೆ. ಬಯಲುಸೀಮೆಯವರು ಇದನ್ನು ತಿರುಗಿಸಬಹುದು. ಅಲ್ಲಿ ಬಿಸಿಲು ದಿನಾ ಸಿಗುತ್ತದೆ.

ಬೆನ್ನಿಗೆ ಪ್ಯಾನೆಲ್ ಅಂಟಿಸಿದ ಪವರ್ ಬ್ಯಾಂಕ್ ಬೇಡ

ಅಂಗೈಯಗಲದ ಸೋಲಾರ್ ಪಟ್ಟಿಯನ್ನು ಮೈಮೇಲೆ ಹೊತ್ತ ಪವರ್ ಬ್ಯಾಂಕುಗಳೇ ಹೆಚ್ಚು ಮಾರಾಟವಾಗುವುದು. ಆ ಪಟ್ಟಿ ಸುಡುಬಿಸಿಲಲ್ಲಿ ಕೊಡುವುದು ಹೆಚ್ಚೆಂದರೆ ಒಂದೂವರೆ ವ್ಯಾಟ್. 74 ವ್ಯಾಟ್-ಅವರ್ ತುಂಬಲು, ನಷ್ಟ ಸೇರಿಸಿದರೆ, 60 ಗಂಟೆಯ ನೆತ್ತಿಬಿಸಿಲು ಬೇಕು. ದಿನಕ್ಕೆ 5 ಗಂಟೆಯಂತೆ 12 ದಿನ! ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಪಟ್ಟಿಯನ್ನು ಬಿಸಿಲಿಗಿಟ್ಟರೆ ಬ್ಯಾಟರಿಯನ್ನೂ ಬಿಸಿಲಿಗಿಟ್ಟಂತೆ. ಲಿಥಿಯಂ ಸೆಲ್ಲನ್ನು 45 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಚಾರ್ಜ್ ಮಾಡಬಾರದು. ಕಪ್ಪು ಪ್ಲಾಸ್ಟಿಕ್ ಡಬ್ಬಿ ಬಿಸಿಲಲ್ಲಿ ಆ ಮಿತಿಯನ್ನು ಬೇಗನೆ ದಾಟುತ್ತದೆ. ಸೆಲ್ಲಿನ ಆಯುಷ್ಯ ಕುಗ್ಗುತ್ತದೆ, ಕೆಲವೊಮ್ಮೆ ಡಬ್ಬಿ ಉಬ್ಬುತ್ತದೆ. ಪ್ಯಾನೆಲ್ ಬೇರೆ, ಬ್ಯಾಟರಿ ಬೇರೆ ಇರಲೇಬೇಕು.

ಮಡಚುವ ಪ್ಯಾನೆಲ್ಲುಗಳಲ್ಲಿ 20ರಿಂದ 28 ವ್ಯಾಟಿನದು ಮನೆಬಳಕೆಗೆ ಹದವಾದದ್ದು. ಲೇಬಲ್ ನಿಜ ಹೇಳುತ್ತಿದೆಯೇ ಎಂದು ನೋಡಲು ಅಡಿಪಟ್ಟಿ ಸಾಕು. ಇಂದಿನ ಒಳ್ಳೆಯ ಮೋನೊಕ್ರಿಸ್ಟಲೈನ್ (ಒಂದೇ ಹರಳಿನ ಸಿಲಿಕಾನಿನ) ಸೋಲಾರ್ ಸೆಲ್ ಒಂದು ಚದರ ಅಡಿಗೆ ಕೊಡಬಲ್ಲದ್ದು ಸುಮಾರು 20 ವ್ಯಾಟ್. ಬಿಚ್ಚಿದಾಗ ಕಪ್ಪು ಸೆಲ್ಲುಗಳ ವಿಸ್ತೀರ್ಣ ಒಂದೂವರೆ ಚದರ ಅಡಿಯೂ ಇಲ್ಲ, ಲೇಬಲ್ಲಿನಲ್ಲಿ 60 ವ್ಯಾಟ್ ಎಂದಿದೆ ಎಂದಾದರೆ ವಾಪಸು ಕೊಡಿ. ಪವರ್ ಬ್ಯಾಂಕಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿಯ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ 8 ಅಂಕಿಗಳ ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ಅಂಗಡಿಯಲ್ಲೇ ತಿಳಿಯುತ್ತದೆ.

ಜೊತೆಗೆ ಕೆಲವು ನೂರು ರೂಪಾಯಿಯ ಯುಎಸ್‌ಬಿ ಮೀಟರ್ ಒಂದಿರಲಿ. ಕೇಬಲ್ಲಿನ ನಡುವೆ ಸಿಕ್ಕಿಸಿದರೆ ವೋಲ್ಟ್, ಆ್ಯಂಪ್, ವ್ಯಾಟ್ ತೋರಿಸುತ್ತದೆ. ಇದಿಲ್ಲದೆ ಮಾಡುವುದೆಲ್ಲ ಅಂದಾಜಿನ ಕೆಲಸ.

ಬಿಸಿಲಿಗೆ ಹರಡುವ ಕ್ರಮ

1. ಪ್ಯಾನೆಲ್ಲನ್ನು ಪೂರ್ತಿ ಬಿಚ್ಚಿ. ಒಂದು ಮಡಿಕೆ ಮಡಚಿದ್ದರೂ, ಒಂದು ಅಡಿಕೆ ಸೋಗೆಯ ನೆರಳು ಅಡ್ಡ ಬಿದ್ದರೂ ನಷ್ಟ ನೆರಳಿನಷ್ಟೇ ಆಗಿರುವುದಿಲ್ಲ. ಸೆಲ್ಲುಗಳು ಸರಪಳಿಯಂತೆ ಒಂದಕ್ಕೊಂದು ಜೋಡಿಸಿರುವುದರಿಂದ ನೆರಳಿನ ಸೆಲ್ ಉಳಿದವುಗಳ ಕರೆಂಟಿಗೂ ತಡೆಯಾಗುತ್ತದೆ. ತೋಟದ ನಡುವಿನ ಮನೆಯವರು ಅಂಗಳದಲ್ಲಿ ಯಾವ ಹೊತ್ತಿಗೆ ಎಲ್ಲಿ ಬಿಸಿಲು ಎಂಬುದನ್ನು ಒಂದು ದಿನ ಗುರುತಿಸಿಟ್ಟುಕೊಳ್ಳಿ.

2. ದಿಕ್ಕು. ದಕ್ಷಿಣಕ್ಕೆ ವಾಲಿಸಿ ಎಂಬುದು ಕಾಯಂ ಕೂರಿಸುವ ಪ್ಯಾನೆಲ್ಲಿನ ಮಾತು. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಆಗ ನಡುಹಗಲಲ್ಲಿ ಸಪಾಟಾಗಿ ಹಾಸಿದರೆ ಸಾಕು. ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಎತ್ತಿ ನಿಲ್ಲಿಸಿ. ಪ್ಯಾನೆಲ್ಲಿನ ಮೇಲೆ ಒಂದು ಪೆನ್ಸಿಲ್ ನೆಟ್ಟಗೆ ನಿಲ್ಲಿಸಿ ನೋಡಿ: ಅದರ ನೆರಳು ಮಾಯವಾದರೆ ದಿಕ್ಕು ಸರಿಯಾಗಿದೆ. ಕಿಟಕಿ ಗಾಜಿನ ಹಿಂದೆ ಇಡಬೇಡಿ. ಗಾಜು ತಡೆಯುವುದರ ಜೊತೆಗೆ ಬಿಸಿಲು ಓರೆಯಾಗಿ ಬೀಳುವುದರಿಂದ ಸಿಗುವುದು ತೀರಾ ಕಡಿಮೆ.

3. ಮೊದಲು ಪ್ಯಾನೆಲ್ ಬಿಸಿಲಿಗೆ ಬರಲಿ, ಆಮೇಲೆ ಕೇಬಲ್ ಸಿಕ್ಕಿಸಿ. ಕೇಬಲ್ ಒಂದು ಮೀಟರಿಗಿಂತ ಉದ್ದ ಬೇಡ. 5 ವೋಲ್ಟಿನಲ್ಲಿ 2 ಆ್ಯಂಪ್ ಹರಿಯುವಾಗ, ಅಗ್ಗದ 3 ಮೀಟರ್ ಸಣಕಲು ಕೇಬಲ್ ಅರ್ಧದಷ್ಟು ವೋಲ್ಟೇಜನ್ನು ದಾರಿಯಲ್ಲೇ ನುಂಗಬಲ್ಲದು. ಪ್ಯಾನೆಲ್ ಸರಿಯಿದ್ದರೂ ಚಾರ್ಜ್ ಆಗುತ್ತಿಲ್ಲ ಎಂಬ ದೂರಿನಲ್ಲಿ ಬಹುಪಾಲು ಅಪರಾಧಿ ಕೇಬಲ್ಲೇ. ಪ್ಯಾನೆಲ್ಲಿನ ಕಡೆ ಚಪ್ಪಟೆ ಯುಎಸ್‌ಬಿ ತುದಿ, ಬ್ಯಾಂಕಿನ ಕಡೆ ಟೈಪ್-ಸಿ ಇರುವ ಕೇಬಲ್ ಬಳಸಿ.

4. ಪವರ್ ಬ್ಯಾಂಕನ್ನು ನೆರಳಿಗೆ ಸರಿಸಿ. ಪ್ಯಾನೆಲ್ಲಿನ ಬೆನ್ನಿಗೆ ಹೊಲಿದಿರುವ ಚೀಲ ನೋಡಲು ಅನುಕೂಲ, ಆದರೆ ಬಿಸಿಲಲ್ಲಿ ಪ್ಯಾನೆಲ್ಲಿನ ಬೆನ್ನು ಕಾದ ಹೆಂಚಾಗಿರುತ್ತದೆ. ಕುರ್ಚಿಯ ಕೆಳಗೋ ಜಗಲಿಯ ಮರೆಗೋ ಇಡಿ.

5. ಮೀಟರ್ ನೋಡಿ. 21 ವ್ಯಾಟಿನ ಪ್ಯಾನೆಲ್ ಸ್ವಚ್ಛ ಬಿಸಿಲಲ್ಲಿ 12ರಿಂದ 14 ವ್ಯಾಟ್ ಕೊಟ್ಟರೆ ಅದು ಒಳ್ಳೆಯ ಪ್ಯಾನೆಲ್ಲೇ. ಲೇಬಲ್ಲಿನ ಅಂಕಿ ಸೆಲ್ 25 ಡಿಗ್ರಿಯಲ್ಲಿ ತಂಪಾಗಿರುವಾಗ ಪ್ರಯೋಗಾಲಯದಲ್ಲಿ ಅಳೆದದ್ದು, ಕಾದ ಸೆಲ್ ಕಡಿಮೆ ಕೊಡುತ್ತದೆ. ಈ ಲೆಕ್ಕದಲ್ಲಿ 10,000ದ ಬ್ಯಾಂಕ್ ಮೂರೂವರೆಯಿಂದ ನಾಲ್ಕು ಗಂಟೆಯಲ್ಲಿ ತುಂಬುತ್ತದೆ, 20,000ದ್ದಕ್ಕೆ ಒಂದೂವರೆ ದಿನದ ಬಿಸಿಲು ಬೇಕು.

ಫೋನನ್ನು ನೇರವಾಗಿ ಪ್ಯಾನೆಲ್ಲಿಗೆ ಸಿಕ್ಕಿಸಲು ಮನಸ್ಸಾಗುತ್ತದೆ. ಬೇಡ. ಒಂದು ಮೋಡ ಹಾದರೆ ವೋಲ್ಟೇಜ್ ಕುಸಿದು ಚಾರ್ಜ್ ಕಡಿಯುತ್ತದೆ, ಮೋಡ ಸರಿದಾಗ ಮತ್ತೆ ಹತ್ತುತ್ತದೆ. ಪ್ರತಿ ಸಲವೂ ಫೋನಿನ ಪರದೆ ಬೆಳಗಿ, ಬಂದದ್ದರಲ್ಲಿ ಒಂದಷ್ಟು ಅದಕ್ಕೇ ಖರ್ಚು. ಕೆಲವು ಫೋನುಗಳು ಒಮ್ಮೆ ನಿಧಾನಗತಿಗೆ ಇಳಿದರೆ ಕೇಬಲ್ ತೆಗೆದು ಹಾಕುವವರೆಗೂ ಮೇಲೇಳುವುದಿಲ್ಲ. ಹಗಲು ಪ್ಯಾನೆಲ್ಲಿನಿಂದ ಬ್ಯಾಂಕಿಗೆ, ಸಂಜೆ ಬ್ಯಾಂಕಿನಿಂದ ಫೋನಿಗೆ ಎಂಬ ಕ್ರಮವೇ ಸರಿ. ಎರಡನ್ನೂ ಒಟ್ಟಿಗೆ ಮಾಡಿದರೆ ಬ್ಯಾಂಕ್ ಬಿಸಿಯಾಗುತ್ತದೆ.

ಸಣ್ಣ ಎಲ್‌ಇಡಿ ದೀಪ ಸಿಕ್ಕಿಸಿದ ಅರ್ಧ ನಿಮಿಷಕ್ಕೆ ಆರಿಹೋದರೆ ದೀಪ ಕೆಟ್ಟಿಲ್ಲ. ತೀರಾ ಕಡಿಮೆ ಕರೆಂಟು ಎಳೆಯುವ ಸಾಧನವನ್ನು ಪವರ್ ಬ್ಯಾಂಕ್ ‘ಏನೂ ಇಲ್ಲ’ ಎಂದೇ ತಿಳಿದು ಆಫ್ ಆಗುತ್ತದೆ. ಹಲವು ಬ್ಯಾಂಕುಗಳಲ್ಲಿ ಗುಂಡಿಯನ್ನು ಎರಡು ಸಲ ಒತ್ತಿದರೆ ಕಡಿಮೆ ಕರೆಂಟಿನ ಮೋಡ್ ಇರುತ್ತದೆ. ಇಲ್ಲದಿದ್ದರೆ ಇನ್ನೂ ದೊಡ್ಡ ದೀಪವನ್ನೇ ಹಾಕಬೇಕು.

ಮೋಡದ ದಿನ ಏನು ಸಿಗುತ್ತದೆ?

ಇಲ್ಲಿ ಆಸೆ ಹುಟ್ಟಿಸಬಾರದು. ಬೆಳ್ಳನೆಯ ತೆಳುಮೋಡದಲ್ಲಿ ಬಿಸಿಲಿನ ಮೂರನೇ ಒಂದು ಭಾಗ ಸಿಕ್ಕೀತು. ಪುಷ್ಯ, ಆಶ್ಲೇಷ ಮಳೆಯ ಕರ್ರನೆಯ ಮುಸುಕಿನಲ್ಲಿ ಹತ್ತನೇ ಒಂದು ಭಾಗವೂ ಕಷ್ಟ, 21 ವ್ಯಾಟಿನ ಪ್ಯಾನೆಲ್ಲಿಗೆ ಒಂದೆರಡು ವ್ಯಾಟ್. ಆದ್ದರಿಂದ ಆರೆಂಜ್ ಅಥವಾ ರೆಡ್ ಅಲರ್ಟ್ ಕೇಳಿದ ದಿನವೇ ಇದ್ದಬದ್ದ ಬ್ಯಾಂಕುಗಳನ್ನೆಲ್ಲ ಗೋಡೆಯ ಕರೆಂಟಿನಿಂದ ತುಂಬಿಸಿಡಿ. ಪ್ಯಾನೆಲ್ಲಿನ ಕೆಲಸ ಮಳೆ ಹೊಳವಾದ ಆ ಎರಡು ಗಂಟೆಯದ್ದು. ಹೊಳವಾದ ತಕ್ಷಣ ಹರಡಲು ಅದು ಕೈಗೆಟಕುವಲ್ಲೇ ಇರಬೇಕು.

ಖರ್ಚನ್ನೂ ಹಿಡಿಯಿರಿ. ಸಿಗ್ನಲ್ ಇಲ್ಲದ ಕಡೆ ಫೋನ್ ಟವರ್ ಹುಡುಕುತ್ತಲೇ ಬ್ಯಾಟರಿ ಮುಗಿಸಿಕೊಳ್ಳುತ್ತದೆ. ಟವರಿನ ಬ್ಯಾಟರಿಯೂ ಕೆಲವು ಗಂಟೆಗಳಲ್ಲಿ ಖಾಲಿಯಾಗುವುದುಂಟು. ಫ್ಲೈಟ್ ಮೋಡ್ ಹಾಕಿ, ನೆಂಟರಿಷ್ಟರಿಗೆ ಮೊದಲೇ ಹೇಳಿದ ಹೊತ್ತಿಗೆ, ಉದಾಹರಣೆಗೆ ಬೆಳಿಗ್ಗೆ 8 ಮತ್ತು ಸಂಜೆ 6ಕ್ಕೆ, ಹತ್ತು ನಿಮಿಷ ತೆರೆಯಿರಿ.

ಒಂದು ಹೆಜ್ಜೆ ಮುಂದೆ: 12 ವೋಲ್ಟಿನ ಪೆಟ್ಟಿಗೆ

ದೊಡ್ಡ ಪ್ಯಾನೆಲ್ಲಿಗೆ 12 ವೋಲ್ಟಿನ ಬ್ಯಾಟರಿ ಜೋಡಿಸಿ ಮನೆಯಲ್ಲೇ ಕಟ್ಟಿಕೊಳ್ಳುವ ಪೆಟ್ಟಿಗೆ ಇದು, ಫೈಬರ್ ಇಂಟರ್ನೆಟ್ ಇರುವ ಮನೆಗಳಿಗೆ ಬಹಳ ಉಪಯೋಗ. ಟವರ್ ಸತ್ತಿದ್ದರೂ, ಆಚೆ ತುದಿಯಲ್ಲಿ ವಿದ್ಯುತ್ ಇದ್ದು ಫೈಬರ್ ತುಂಡಾಗದಿದ್ದರೆ ರೂಟರ್ ನಡೆಯುತ್ತದೆ, ವೈಫೈ ಮೂಲಕ ಕರೆ ಮಾಡಬಹುದು.

ಬೇಕಾದದ್ದು: 50 ವ್ಯಾಟಿನ ಪ್ಯಾನೆಲ್, 10 ಆ್ಯಂಪಿನ ಚಾರ್ಜ್ ಕಂಟ್ರೋಲರ್ (ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ವೋಲ್ಟೇಜನ್ನು ಹಿಡಿತದಲ್ಲಿಡುವ ಸಾಧನ), 12.8 ವೋಲ್ಟ್ 20 ಆ್ಯಂಪ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 10 ಆ್ಯಂಪಿನ ಫ್ಯೂಸ್, 1.5 ಅಥವಾ 2.5 ಚದರ ಮಿಲಿಮೀಟರಿನ ತಾಮ್ರದ ವೈರು. ಈ ಬ್ಯಾಟರಿ 256 ವ್ಯಾಟ್-ಅವರ್ ಹಿಡಿಯುತ್ತದೆ. 8 ವ್ಯಾಟಿನ ರೂಟರ್ ದಿನಕ್ಕೆ 4 ಗಂಟೆ, 5 ವ್ಯಾಟಿನ ಎರಡು ದೀಪ 4 ಗಂಟೆ ಮತ್ತು ಎರಡು ಫೋನು ಸೇರಿ ದಿನಕ್ಕೆ 100ರ ಒಳಗೆ. ಬಿಸಿಲಿಲ್ಲದೆ ಎರಡೂವರೆ ದಿನ.

ಪ್ಯಾನೆಲ್ಲನ್ನು ನೇರವಾಗಿ ಬ್ಯಾಟರಿಗೆ ಕಟ್ಟಬೇಡಿ. ‘12 ವೋಲ್ಟಿನ’ ಪ್ಯಾನೆಲ್ ಎಂದು ಮಾರುವುದು ವಾಸ್ತವದಲ್ಲಿ ಕೆಲಸ ಮಾಡುವುದು 18 ವೋಲ್ಟಿನಲ್ಲಿ, ಖಾಲಿ ಬಿಟ್ಟಾಗ 21-22 ವೋಲ್ಟ್. ಕಂಟ್ರೋಲರ್ ನಡುವೆ ಇರಲೇಬೇಕು. ಜೋಡಿಸುವ ಕ್ರಮವೂ ಮುಖ್ಯ: ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ದೀಪ. ಬಿಚ್ಚುವಾಗ ತಿರುಗುಮುರುಗು. ಕಂಟ್ರೋಲರ್ ಬ್ಯಾಟರಿಯ ವೋಲ್ಟೇಜ್ ನೋಡಿಯೇ ತನ್ನನ್ನು ಹೊಂದಿಸಿಕೊಳ್ಳುವುದರಿಂದ, ಬ್ಯಾಟರಿಗೆ ಮುಂಚೆ ಪ್ಯಾನೆಲ್ ಬಂದರೆ ಅದು ಗೊಂದಲಕ್ಕೆ ಬೀಳುತ್ತದೆ, ಕೆಲವು ಸುಟ್ಟೂ ಹೋಗುತ್ತವೆ. ಫ್ಯೂಸ್ ಬ್ಯಾಟರಿಯ ಪ್ಲಸ್ಸಿನಿಂದ ಗೇಣುದ್ದದೊಳಗೆ ಇರಲಿ, ವೈರು ಎಲ್ಲೇ ತಾಗಿದರೂ ಮೊದಲು ಫ್ಯೂಸ್ ಹೋಗುತ್ತದೆ.

ಕಂಟ್ರೋಲರಿನಲ್ಲಿ ಬ್ಯಾಟರಿಯ ಬಗೆ ಆರಿಸುವ ಸೆಟ್ಟಿಂಗನ್ನು ಮರೆಯಬೇಡಿ. ಐರನ್ ಫಾಸ್ಫೇಟಿಗೆ 14.4ರಿಂದ 14.6 ವೋಲ್ಟ್ ಮಿತಿ. ಲೆಡ್ ಬ್ಯಾಟರಿಯ ಸೆಟ್ಟಿಂಗಿನಲ್ಲಿ ಬಿಟ್ಟರೆ ‘ಈಕ್ವಲೈಸ್’ (ಸೆಲ್ಲುಗಳನ್ನು ಸಮ ಮಾಡುವುದು) ಹೆಸರಿನಲ್ಲಿ ಅದು ವೋಲ್ಟೇಜನ್ನು ಇನ್ನೂ ಮೇಲೆ ಏರಿಸಬಹುದು. ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಪ್ಯಾನೆಲ್ಲನ್ನು ಬ್ಯಾಟರಿಯ ವೋಲ್ಟೇಜಿಗೆ ಎಳೆದು ಇಳಿಸುತ್ತದೆ. 50 ವ್ಯಾಟಿನ ಪ್ಯಾನೆಲ್ಲಿನ 2.8 ಆ್ಯಂಪ್, 13 ವೋಲ್ಟಿನಲ್ಲಿ ಬರೀ 36 ವ್ಯಾಟ್. ಪ್ಯಾನೆಲ್ಲನ್ನು ಅದರದೇ ವೋಲ್ಟೇಜಿನಲ್ಲಿ ದುಡಿಸುವ ಎಂಪಿಪಿಟಿ ಬಗೆಯ ಕಂಟ್ರೋಲರ್ ಈ ನಷ್ಟವನ್ನು ಬಹಳ ಮಟ್ಟಿಗೆ ಉಳಿಸುತ್ತದೆ, ಬೆಲೆ ಹೆಚ್ಚು. ಇಷ್ಟು ಸಣ್ಣ ಪೆಟ್ಟಿಗೆಗಾದರೆ ಆ ದುಡ್ಡಿಗೆ ಇನ್ನೂ ದೊಡ್ಡ ಪ್ಯಾನೆಲ್ ಕೊಳ್ಳುವುದು ಲೇಸು.

ರೂಟರಿಗಾಗಿ ಇನ್ವರ್ಟರ್ ತರಬೇಡಿ. ಸಣ್ಣ ಇನ್ವರ್ಟರ್ ಸುಮ್ಮನೆ ಕುಳಿತೇ 5ರಿಂದ 10 ವ್ಯಾಟ್ ತಿನ್ನುತ್ತದೆ, ರೂಟರ್ ತಿನ್ನುವುದೇ ಅಷ್ಟು. ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟ್ ಡಿಸಿ ಎಂದಿದ್ದರೆ, ಅದರ ಪಿನ್ನಿನಲ್ಲಿ ಪ್ಲಸ್ ಒಳಗೋ ಹೊರಗೋ ಎಂಬ ಚಿತ್ರವನ್ನು ನೋಡಿ, 12 ವೋಲ್ಟಿಗೆ ಸ್ಥಿರಗೊಳಿಸುವ ಮಾಡ್ಯೂಲ್ ಮೂಲಕ ಬ್ಯಾಟರಿಯಿಂದಲೇ ಕೊಡಿ. ಮಾಡ್ಯೂಲ್ ಏಕೆಂದರೆ ಚಾರ್ಜ್ ಆಗುವಾಗ ಬ್ಯಾಟರಿ 14 ವೋಲ್ಟ್ ದಾಟುತ್ತದೆ, ಎಲ್ಲ ರೂಟರುಗಳೂ ಅದನ್ನು ಸಹಿಸುವುದಿಲ್ಲ.

ಏಪ್ರಿಲ್-ಮೇ ತಿಂಗಳ ಗುಡುಗುಮಳೆಯಲ್ಲಿ, ಮಾಡಿನ ಮೇಲಿನ ಪ್ಯಾನೆಲ್ಲಿನಿಂದ ಉದ್ದ ವೈರು ಒಳಗೆ ಬಂದಿದ್ದರೆ, ಮಿಂಚು ಹತ್ತಿರವಾಗುವ ಮುಂಚೆಯೇ ಕಳಚಿ.

ಚಾರಣಕ್ಕೆ, ಪ್ರಯಾಣಕ್ಕೆ

ಬೆನ್ನಚೀಲಕ್ಕೆ ಪ್ಯಾನೆಲ್ ಕಟ್ಟಿಕೊಂಡು ಕುಮಾರಪರ್ವತದ ಕಾಡುದಾರಿ ಹತ್ತಿದರೆ ತೂಕ ಹೊತ್ತದ್ದಷ್ಟೇ ಲಾಭ. ಮರದಡಿ ಏನೂ ಬರುವುದಿಲ್ಲ, ಬಯಲಿನಲ್ಲೂ ನಡೆಯುವಾಗ ದಿಕ್ಕು ತಪ್ಪುತ್ತಲೇ ಇರುತ್ತದೆ. ಎರಡು ದಿನದ ಚಾರಣಕ್ಕೆ 10,000ದ ತುಂಬಿದ ಬ್ಯಾಂಕ್ ಒಂದೇ ಸಾಕು. ವಿಮಾನದಲ್ಲಿ ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು, 100 ವ್ಯಾಟ್-ಅವರ್ ಮೀರಿದರೆ ವಿಮಾನ ಸಂಸ್ಥೆಯ ಅನುಮತಿ ಬೇಕು.

ಎತ್ತಿಡುವಾಗ

ಮಲೆನಾಡಿನ ತೇವಕ್ಕೆ ಯುಎಸ್‌ಬಿ ತೂತಿನೊಳಗೆ ಹಸಿರು ಕಿಲುಬು ಹಿಡಿಯುತ್ತದೆ. ಪ್ಯಾನೆಲ್ಲಿನ ಮುಖ ನೀರಿಗೆ ಜಗ್ಗದಿದ್ದರೂ ತೂತು ಜಗ್ಗುತ್ತದೆ. ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬೆಚ್ಚಗಿರುತ್ತದೆಂದು ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡಿ: ಕೊಬ್ಬರಿಗೆ ಒಳ್ಳೆಯ ಜಾಗ, ಲಿಥಿಯಂ ಬ್ಯಾಟರಿಗಲ್ಲ. ಬೇಸಿಗೆಯಲ್ಲಿ ಕಾರಿನೊಳಗೂ ಬಿಡಬಾರದು.

ಮಳೆಗಾಲ ಮುಗಿದ ಮೇಲೆ ಬ್ಯಾಂಕನ್ನು ಅರ್ಧ ಚಾರ್ಜಿನಲ್ಲಿ ಇಟ್ಟು ಮೂರು ತಿಂಗಳಿಗೊಮ್ಮೆ ನೋಡಿ. ಪೂರ್ತಿ ಖಾಲಿ ಬಿಟ್ಟರೆ ಸೆಲ್ ಮತ್ತೆ ಏಳದಿರಬಹುದು. ಉಬ್ಬಿದ ಬ್ಯಾಂಕನ್ನು ಚುಚ್ಚಬೇಡಿ, ಒತ್ತಬೇಡಿ, ಮತ್ತೆ ಚಾರ್ಜಿಗೂ ಇಡಬೇಡಿ. ಮನೆಯಿಂದ ಹೊರಗೆ ಮರಳಿನ ಮೇಲೋ ಬರಿ ನೆಲದ ಮೇಲೋ ಇಟ್ಟು ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.

ಮೇ ತಿಂಗಳ ಕೊನೆಯ ಭಾನುವಾರ ಒಂದು ತಾಲೀಮು ಮಾಡಿ. ಸಂಜೆ 6ಕ್ಕೆ ಮೇನ್ ಸ್ವಿಚ್ ಆರಿಸಿ, ಮರುದಿನ ಸಂಜೆ 6ರವರೆಗೆ ಈ ಪೆಟ್ಟಿಗೆಯಲ್ಲೇ ನಡೆಸಿ. ಫ್ರಿಜ್ ಖಾಲಿ ಇರುವ ದಿನ ನೋಡಿಕೊಳ್ಳಿ. ಯಾವ ಕೇಬಲ್ ಸಡಿಲ, ಯಾವ ದೀಪ ಹೆಚ್ಚು ತಿನ್ನುತ್ತದೆ, ಪ್ಯಾನೆಲ್ಲನ್ನು ಅಂಗಳದ ಯಾವ ಮೂಲೆಗೆ ಎಷ್ಟು ಗಂಟೆಗೆ ಸರಿಸಬೇಕು ಎಂಬುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ.