ಬಯಲಿಗೆ ಬಿದ್ದ ರಾಜ: ಹಿಡಿಯುವುದು ಹೇಗೆ, ಉಳಿಸುವುದು ಹೇಗೆ

ಮಲ್ಪೆ ಕಡೆ ಕೈರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಚೆಸ್‌ನ ರಾಜಬೇಟೆ ಅರ್ಧ ಅರ್ಥವಾದ ಹಾಗೆ. ಅಲ್ಲಿ ಯಾರೂ ಮೀನಿನ ಹಿಂದೆ ಓಡುವುದಿಲ್ಲ. ಮೊದಲು ದೋಣಿಯಲ್ಲಿ ಹೋಗಿ ಬಲೆ ಸುತ್ತು ಹಾಕಿ ಬರುತ್ತಾರೆ, ಆಮೇಲೆ ದಡದಲ್ಲಿ ನಿಂತು ಎರಡೂ ತುದಿ ಎಳೆಯುತ್ತಾರೆ. ಮಂಗಳೂರು, ಉಡುಪಿಯ ಮಕ್ಕಳ ಟೂರ್ನಿಗಳಲ್ಲಿ ಎಷ್ಟೋ ಸಲ ಇದರ ಉಲ್ಟಾ ಆಗುತ್ತದೆ: ಎದುರಾಳಿಯ ರಾಜ ಹೊರಬಿದ್ದದ್ದೇ ತಡ, ಚೆಕ್ ಮೇಲೆ ಚೆಕ್. ಎಂಟು ಚೆಕ್ ಮುಗಿಯುವಷ್ಟರಲ್ಲಿ ರಾಜ ತನ್ನವರ ನಡುವೆ ಸೇರಿರುತ್ತಾನೆ, ಬಲಿಕೊಟ್ಟ ಕಾಯಿ ಹೋದದ್ದೇ ಬಂತು.

ಆದ್ದರಿಂದ ಚೆಕ್ ಕೊಡುವ ಮೊದಲು ರಾಜನಿಗೆ ಉಳಿಯುವ ಮನೆಗಳನ್ನು ಬೆರಳು ಮಡಚಿ ಎಣಿಸಿ. ಅವನನ್ನು ತನ್ನವರ ಬಳಿಗೆ ಅಟ್ಟುವ ಚೆಕ್ ಬೇಡ. ಅವನು ಹಿಂದಿರುಗುವ ದಾರಿ ಮುಚ್ಚುವ ಚೆಕ್ ಬೇಕು. 1912ರಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಲಾಸ್ಕರ್ ಜಾರ್ಜ್ ಥಾಮಸ್ ವಿರುದ್ಧ ಎಚ್7ರಲ್ಲಿ (ಎಡದಿಂದ ಬಲಕ್ಕೆ ಎಯಿಂದ ಎಚ್, ಬಿಳಿಯ ಕಡೆಯಿಂದ 1ರಿಂದ 8 ಎಂದು ಮನೆಗಳ ಹೆಸರು) ರಾಣಿಯನ್ನೇ ಬಲಿಕೊಟ್ಟು, ಕಪ್ಪು ರಾಜನನ್ನು ಬೋರ್ಡಿನ ಆ ತುದಿಯಿಂದ ಈ ತುದಿಯ ಜಿ1ಕ್ಕೆ ಎಳೆತಂದು 18ನೇ ನಡೆಯಲ್ಲಿ ಮೇಟ್ ಮಾಡಿದರು. ಅಲ್ಲಿ ನೋಡಬೇಕಾದದ್ದು ರಾಣಿ ಬಲಿಯಲ್ಲ, ಎಫ್6ರಲ್ಲಿ ಕೂತ ಬಿಳಿ ಕುದುರೆ. ಅದು ಜಿ8 ಮತ್ತು ಎಚ್7 ಎರಡನ್ನೂ ಕಾಯುತ್ತಿದ್ದುದರಿಂದ ರಾಜನಿಗೆ ಮುಂದೆ ನಡೆಯದೆ ಗತಿಯಿರಲಿಲ್ಲ.

ಬಲೆ ಹಾಕುವ ನಡೆ ಚೆಕ್ ಆಗಿರಲೇಬೇಕೆಂದಿಲ್ಲ. ಆರಂಭದಲ್ಲೇ ಕುದುರೆ ಬಲಿಕೊಟ್ಟು ರಾಜನನ್ನು ಹೊರಗೆಳೆಯುವ ಫ್ರೈಡ್ ಲಿವರ್ ಆಟವನ್ನೇ ನೋಡಿ. ಹೊಸಬರ ಬೋರ್ಡುಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಬಿಳಿ, ಕಪ್ಪು ಸರದಿಯಂತೆ: ಕಾಲಾಳು ಇ4, ಇ5, ಕುದುರೆ ಎಫ್3, ಕುದುರೆ ಸಿ6, ಒಂಟೆ ಸಿ4, ಕುದುರೆ ಎಫ್6, ಕುದುರೆ ಜಿ5, ಡಿ5, ಇ ಕಾಲಾಳು ಡಿ5 ಹೊಡೆಯುತ್ತದೆ, ಕಪ್ಪು ಕುದುರೆ ಅದನ್ನು ತಿನ್ನುತ್ತದೆ. ಈಗ ಬಿಳಿ ಕುದುರೆ ಎಫ್7ಕ್ಕೆ ನುಗ್ಗಿ ಬಲಿಯಾಗುತ್ತದೆ, ರಾಜ ಅದನ್ನು ಹೊಡೆಯುತ್ತಾನೆ, ರಾಣಿ ಎಫ್3ರಿಂದ ಚೆಕ್.

ಇಲ್ಲಿ ಕೈ ತಾನಾಗಿ ರಾಜನನ್ನು ಜಿ8ಕ್ಕೆ ಒಯ್ಯುತ್ತದೆ. ಒಯ್ದರೆ ಮುಗಿಯಿತು: ಒಂಟೆ ಡಿ5 ಹೊಡೆದು ಚೆಕ್, ರಾಣಿ ಆ ಒಂಟೆಯನ್ನು ಹೊಡೆದರೆ ಅದೂ ಹೋಗಿ ಎರಡೇ ನಡೆಯಲ್ಲಿ ಮೇಟ್. ರಾಜ ಇ6ಕ್ಕೆ, ಅಂದರೆ ಮುಂದಕ್ಕೇ ಹೋಗಬೇಕು. ಡಿ5ರ ಕುದುರೆಗೆ ಈಗ ಅವನೂ ಕಾವಲುಗಾರ. ಬಿಳಿಯ ಒಳ್ಳೆಯ ಉತ್ತರ ಚೆಕ್ ಅಲ್ಲ, ಕುದುರೆ ಸಿ3. ರಾಜನ ಮುಂದೆ ಕಟ್ಟಿಬಿದ್ದ ಡಿ5ರ ಕುದುರೆ ಮೇಲೆ ಈಗ ಮೂರು ಕಾಯಿ: ಒಂಟೆ, ರಾಣಿ, ಕುದುರೆ. ಕಾಯುವವರು ರಾಜ ಮತ್ತು ಡಿ8ರ ರಾಣಿ, ಇಬ್ಬರೇ. ಮೂರನೆಯವನು ಕೂಡಲೇ ಬರಬೇಕು.

ಸಿ6ರ ಕುದುರೆ ಇ7ಕ್ಕೆ ಬಂದರೆ ಲೆಕ್ಕ ಸರಿಯಾಗುತ್ತದೆ, ಆದರೆ ಎಫ್8ರ ಒಂಟೆಗೆ ದಾರಿ ಕಟ್ಟುತ್ತದೆ. ಬಿಳಿ ಡಿ4 ಆಡಿ ನಡುವನ್ನು ತೆರೆಯುತ್ತದೆ. ಆ ಕುದುರೆ ಬಿ4ಕ್ಕೆ ಹೋಗುವುದು ಮೇಲು. ಅಲ್ಲಿಂದ ಸಿ2ರ ಮೇಲೂ ಕಣ್ಣು. ಬಿಳಿ ಎ3 ಆಡಿದರೆ ಸಿ2 ಹೊಡೆದು ಚೆಕ್ ಕೊಡಿ, ಬಿಳಿ ರಾಜ ಡಿ1ಕ್ಕೆ ಸರಿದಾಗ ಎ1ರ ಆನೆಗೆ ಆಸೆಪಡಬೇಡಿ. ಆನೆ ತಿಂದ ಕುದುರೆ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಡಿ5ಕ್ಕೆ ಮತ್ತೆ ಕಾವಲು ಇಬ್ಬರದೇ. ಬಿಳಿ ಕುದುರೆ ಡಿ5 ಹೊಡೆದು ಕೂತರೆ ಅದು ಎತ್ತ ಹಾರಿದರೂ ಹಿಂದಿನಿಂದ ಒಂಟೆಯ ಚೆಕ್. ಅದರ ಬದಲು ಕುದುರೆ ಡಿ4ಕ್ಕೆ ಬಂದರೆ ಬಿಳಿ ರಾಣಿಗೇ ಹೊಡೆತ. ಕಷ್ಟ ತಪ್ಪಲಿಲ್ಲ, ಆಟ ಮಾತ್ರ ಉಳಿಯಿತು. ಈ ರಗಳೆಯೇ ಬೇಡವೆಂದರೆ ಐದನೇ ನಡೆಯಲ್ಲಿ ಡಿ5 ತಿನ್ನದೆ ಸಿ6ರ ಕುದುರೆಯನ್ನು ಎ5ಕ್ಕೆ ಇಟ್ಟು ಒಂಟೆಯನ್ನು ಕೆಣಕಿ. ಒಂದು ಕಾಲಾಳು ಕಮ್ಮಿ, ರಾಜ ಭದ್ರ. ನಮ್ಮ ಸಲಹೆ ಇದೇ.

ಬೇರೆ ಸ್ಥಿತಿಗಳಲ್ಲೂ ಉಳಿಸುವ ಕ್ರಮ ಹೆಚ್ಚು ಬದಲಾಗದು. ಚೆಕ್ ಬಂದರೆ ಮೂರೂ ಉತ್ತರ ನೋಡಿ: ಹೊಡೆಯುವುದು, ಅಡ್ಡ ಇಡುವುದು, ಸರಿಯುವುದು. ಎರಡು ಕಾಯಿ ಒಟ್ಟಿಗೆ ಕೊಡುವ ಡಬಲ್ ಚೆಕ್‌ಗೆ ಸರಿಯುವುದೊಂದೇ. ಆಮೇಲೆ ರಾಣಿ ಬದಲಾಯಿಸಲು ಹುಡುಕಿ. ರಾಣಿಯಿಲ್ಲದ ಬೇಟೆಗೆ ಹಲ್ಲು ಕಡಿಮೆ. ಸಿಕ್ಕಿದ ಕುದುರೆಯನ್ನೋ ಒಂಟೆಯನ್ನೋ ಹಿಂದೆ ಕೊಟ್ಟು ದಾಳಿ ನಿಲ್ಲುವುದಾದರೆ ಕೊಟ್ಟುಬಿಡಿ; ಹೆಚ್ಚಿನವರು ಸೋಲುವುದು ಅದನ್ನು ಹಿಡಿದಿಟ್ಟುಕೊಂಡೇ. ರಾಜನ ಮುಂದೆ ಉಳಿದ ಕಾಲಾಳುಗಳನ್ನು ಗಾಬರಿಯಲ್ಲಿ ತಳ್ಳಬೇಡಿ, ಅವು ಹಿಂದೆ ಬರುವುದಿಲ್ಲ.

ಬೇಟೆಯಾಡುವವರಿಗೂ ಒಂದು ಮಾತು. ಬಲೆ ಹರಿಯಿತು ಅನ್ನಿಸಿದರೆ ಅದೇ ಎರಡು ಮನೆಗಳ ನಡುವೆ ಚೆಕ್ ಕೊಡುತ್ತಾ ಇರಲು ಸಾಧ್ಯವೇ ನೋಡಿ. ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಕೇಳಬಹುದು.

ಮಳೆಗಾಲದ ಒಂದು ಮಧ್ಯಾಹ್ನ ಸಾಕು: ಕುದುರೆ ಸಿ3ಕ್ಕೆ ಬಂದ ಸ್ಥಿತಿಯನ್ನು ಬೋರ್ಡಿನಲ್ಲಿ ಜೋಡಿಸಿ, ತಲಾ 10 ನಿಮಿಷದಂತೆ ಐದು ಸಲ ಕಪ್ಪು ಕಾಯಿಯಲ್ಲಿ ಆಡಿ. ಡಿ5ರ ಕುದುರೆ ಅಲ್ಲಿರುವಷ್ಟು ಹೊತ್ತೂ, ಪ್ರತಿ ನಡೆಗೆ ಮೊದಲು ಅದರ ಮೇಲೆ ಎಷ್ಟು ಜನ, ಕಾಯುವವರೆಷ್ಟು ಎಂದು ಬಾಯಿಬಿಟ್ಟು ಹೇಳಿ.