ಅಡಿಕೆ ಧಾರಣೆಯ ಪುಟಕ್ಕಾಗಿ ವೆಬ್ ಸರ್ವರ್ ಮಾಡ್ಯೂಲ್ ಬರೆದ ಅನುಭವ

ಶಿರಸಿಯ ಮಾರುಕಟ್ಟೆಯಲ್ಲಿ ಟೆಂಡರ್ ನಡೆಯುವ ಹೊತ್ತಿಗೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಬಗೆಯ ಅಡಿಕೆಗಳ ಧಾರಣೆ ಎಷ್ಟಕ್ಕೆ ನಿಂತಿತೆಂದು ತಿಳಿಯಲು ಸಿದ್ದಾಪುರ, ಯಲ್ಲಾಪುರದ ಕಡೆಯ ಬೆಳೆಗಾರರು ಮೊಬೈಲಿನಲ್ಲಿ ಒಂದೇ ಪುಟವನ್ನು ತೆರೆದಿಟ್ಟುಕೊಂಡು ಕಾಯುತ್ತಾರೆ. ಅಂಥದೊಂದು ಪುಟದ ಸರ್ವರ್ ಕೆಲಸ ನನ್ನ ಪಾಲಿಗೆ ಬಂದಾಗ, ಧಾರಣೆ ಬದಲಾದ ಕೂಡಲೇ ಎಲ್ಲರಿಗೂ ತಾನಾಗಿ ಕಳುಹಿಸುವ ಮಾಡ್ಯೂಲ್ (ಸರ್ವರ್‌ಗೆ ಜೋಡಿಸುವ ಕೋಡ್ ಭಾಗ) ಒಂದನ್ನು ಎಂಜಿನ್‌ಎಕ್ಸ್ (nginx) ಎಂಬ ವೆಬ್ ಸರ್ವರ್‌ಗೆಂದು ಸಿ ಭಾಷೆಯಲ್ಲಿ ಬರೆದೆ. ಏಕಕಾಲಕ್ಕೆ ಸಾವಿರಾರು ಸಂಪರ್ಕಗಳನ್ನು ತೆರೆದಿಡುವುದಕ್ಕಿಂತ ನನ್ನ ತಲೆ ಕೆಡಿಸಿದ್ದು ಆ ಸಂಪರ್ಕಗಳ ಗುಣ: ಮಳೆಗಾಲದ ಮಲೆನಾಡಿನಲ್ಲಿ ಅವು ಆಮೆಗತಿಯಲ್ಲಿ ಸಾಗುತ್ತವೆ, ಇಲ್ಲವೇ ಹೇಳದೆ ಕೇಳದೆ ಮಾಯವಾಗುತ್ತವೆ.

ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರ್‌ನ ಹಳೆಯ ಪ್ರಿಫೋರ್ಕ್ ಪದ್ಧತಿಯಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಪ್ರಕ್ರಿಯೆ (ಓಡುತ್ತಿರುವ ಪ್ರೋಗ್ರಾಂ) ಮೀಸಲಾಗಿರುತ್ತದೆ. ಒಂದೇ ಯಂತ್ರ ಹತ್ತು ಸಾವಿರ ಸಂಪರ್ಕಗಳನ್ನು ನಿಭಾಯಿಸುವುದು ಹೇಗೆಂಬ ಪ್ರಶ್ನೆಯನ್ನು 1999ರಲ್ಲಿ ಡ್ಯಾನ್ ಕೆಗೆಲ್ ಮುಂದಿಟ್ಟರು. ಇಗೊರ್ ಸಿಸೊಯೆವ್ 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ಅದಕ್ಕೆ ಬಂದ ಉತ್ತರಗಳಲ್ಲೊಂದು. ಇದರಲ್ಲಿ ಒಂದೊಂದು ವರ್ಕರ್ ಪ್ರಕ್ರಿಯೆಯೂ ಒಂದೇ ಇವೆಂಟ್ ಲೂಪ್‌ನಲ್ಲಿ ಸುತ್ತುತ್ತಾ, ಯಾವ ಸಾಕೆಟ್ (ಸಂಪರ್ಕದ ಸರ್ವರ್ ಕಡೆಯ ತುದಿ) ಸಿದ್ಧವಾಗಿದೆಯೆಂದು ಲಿನಕ್ಸ್‌ನ ಇಪೋಲ್ ಎಂಬ ಸೌಲಭ್ಯದ ಮೂಲಕ ತಿಳಿದು, ಅದರ ಕೆಲಸವನ್ನಷ್ಟೇ ಮಾಡಿ ಮುಂದೆ ಸಾಗುತ್ತದೆ. ಆದ್ದರಿಂದ ಮಾಡ್ಯೂಲಿನ ಕೋಡ್ ಎಲ್ಲಿಯೂ ಕಾಯುವಂತಿಲ್ಲ. ಡೇಟಾಬೇಸ್ ಉತ್ತರಕ್ಕೋ ಡಿಎನ್‌ಎಸ್ (ಹೆಸರಿನಿಂದ ಜಾಲ ವಿಳಾಸ ತಿಳಿಯುವ) ಹುಡುಕಾಟಕ್ಕೋ ಒಂದು ಕಡೆ ನಿಂತರೆ, ಆ ವರ್ಕರ್‌ನಲ್ಲಿರುವ ಎಲ್ಲ ಗ್ರಾಹಕರೂ ಜೊತೆಗೇ ನಿಲ್ಲುತ್ತಾರೆ. ಎಲ್ಲಿಯವರೆಗೆ ಬಂದಿದ್ದೇವೆಂದು ಸಂಪರ್ಕದ ಜೊತೆಗಿನ ರಚನೆಯಲ್ಲಿ ಬರೆದಿಟ್ಟು ಲೂಪ್‌ಗೆ ಮರಳಬೇಕು. ಇದು ಅಭ್ಯಾಸವಾದರೆ ಉಳಿದ ಕೋಡ್ ಅಷ್ಟೇನೂ ಕಷ್ಟವಲ್ಲ.

ಧಾರಣೆ ಸರ್ವರ್‌ನಿಂದ ಮೊಬೈಲ್ ಕಡೆಗೆ ಮಾತ್ರ ಹರಿಯುವುದರಿಂದ ಎರಡೂ ದಿಕ್ಕಿಗೆ ಸಂದೇಶ ಸಾಗಿಸುವ ವೆಬ್‌ಸಾಕೆಟ್‌ನ ಗೊಡವೆಗೆ ಹೋಗದೆ, ಒಂದೇ ದಿಕ್ಕಿನ ಸರ್ವರ್ ಸೆಂಟ್ ಇವೆಂಟ್ಸ್ ವಿಧಾನವನ್ನು ಆರಿಸಿಕೊಂಡೆ. ಕೋರಿಕೆ ಬಂದಾಗ ಮಾಡ್ಯೂಲು ಹೆಡರ್ (ಉತ್ತರದ ಮೊದಲ ಸಾಲುಗಳು) ಕಳುಹಿಸಿ, ಕೋರಿಕೆ ಇನ್ನೂ ಬಳಕೆಯಲ್ಲಿದೆಯೆಂದು ತೋರುವ ಉಲ್ಲೇಖ ಎಣಿಕೆಯನ್ನು ಒಂದರಷ್ಟು ಹೆಚ್ಚಿಸಿ, ಅದನ್ನು ವರ್ಕರ್‌ನ ಪಟ್ಟಿಗೆ ಸೇರಿಸಿ ಮರಳುತ್ತದೆ. ಎಣಿಕೆ ಹೆಚ್ಚಿಸದಿದ್ದರೆ ಎಂಜಿನ್‌ಎಕ್ಸ್ ಕೋರಿಕೆಯನ್ನು ಅಲ್ಲಿಗೇ ಮುಗಿಸಿಬಿಡುತ್ತದೆ. ಪಟ್ಟಿಯಿಂದ ತೆಗೆಯುವ ಕೆಲಸವನ್ನು ಮೆಮೊರಿ ಪೂಲ್ (ಕೋರಿಕೆಗೆಂದು ಎತ್ತಿಟ್ಟ ಮೆಮೊರಿ) ಬಿಡುಗಡೆಯಾಗುವಾಗ ತಾನಾಗಿ ನಡೆಯುವ ಕ್ಲೀನಪ್‌ಗೆ ಒಪ್ಪಿಸಿದ್ದರಿಂದ, ಸಂಪರ್ಕ ಯಾವ ದಾರಿಯಲ್ಲಿ ಮುಗಿದರೂ ಪಟ್ಟಿಯಲ್ಲಿ ಇಲ್ಲದ ಕೋರಿಕೆಯನ್ನು ತೋರುವ ಸತ್ತ ಪಾಯಿಂಟರ್ ಉಳಿಯುವುದಿಲ್ಲ.

ಹೊಸ ಧಾರಣೆ ಯಾವುದೋ ಒಂದು ವರ್ಕರ್‌ಗೆ ಬಂದು ತಲುಪುತ್ತದೆ, ಉಳಿದವಕ್ಕೆ ಅದರ ಸುಳಿವೇ ಇರುವುದಿಲ್ಲ. ಇದಕ್ಕೆ ಹಂಚಿಕೆಯ ಮೆಮೊರಿಯಲ್ಲಿ ಧಾರಣೆಯ ಪಠ್ಯವನ್ನೂ ಒಂದು ಆವೃತ್ತಿ ಸಂಖ್ಯೆಯನ್ನೂ ಇಟ್ಟೆ; ಪ್ರತಿ ವರ್ಕರ್‌ನ ಟೈಮರ್ ಸೆಕೆಂಡಿಗೊಮ್ಮೆ ಆ ಸಂಖ್ಯೆಯನ್ನು ನೋಡಿ, ಬದಲಾಗಿದ್ದರೆ ಮಾತ್ರ ಬೀಗ ಹಾಕಿ ಪಠ್ಯವನ್ನು ನಕಲು ಮಾಡಿಕೊಳ್ಳುತ್ತದೆ. ಒಂದು ಸೆಕೆಂಡ್ ತಡವಾದರೆ ಅಡಿಕೆ ವ್ಯಾಪಾರದಲ್ಲಿ ಯಾರ ಗಂಟೂ ಹೋಗುವುದಿಲ್ಲ.

ನಿಧಾನ ಗ್ರಾಹಕರ ವಿಷಯ ಬೇರೆ. ಸಾಕೆಟ್‌ನ ಬಫರ್ (ಕಳುಹಿಸಬೇಕಾದ್ದನ್ನು ತಾತ್ಕಾಲಿಕವಾಗಿ ಇಡುವ ಜಾಗ) ತುಂಬಿದ್ದರೆ ಕಳುಹಿಸುವ ಕರೆ 'ಮತ್ತೆ ಬಾ' ಎನ್ನುವ ಸಂಕೇತದೊಂದಿಗೆ ಮರಳುತ್ತದೆ. ಆಗ ಮುಂದಿನ ಧಾರಣೆಗಳನ್ನು ಒಂದರ ಹಿಂದೊಂದು ಸಾಲಿನಲ್ಲಿ ಪೇರಿಸಿಡುವುದು ಪುಸ್ತಕದ ಉತ್ತರ. ನಾನು ಹಾಗೆ ಮಾಡಲಿಲ್ಲ. ಹತ್ತು ನಿಮಿಷದ ಹಿಂದಿನ ರಾಶಿ ಧಾರಣೆ ಯಾರಿಗೂ ಬೇಡ. ಪ್ರತಿ ಸಂಪರ್ಕಕ್ಕೂ ಒಂದೇ ಬಫರ್ ಕೊಟ್ಟು, ಅದರಲ್ಲಿರುವುದು ಪೂರ್ತಿ ಹೋಗುವವರೆಗೆ ಕೈ ಹಾಕದೆ, ಹೋದ ಮೇಲೆ ಆ ಕ್ಷಣದ ಅತ್ಯಂತ ಹೊಸ ಆವೃತ್ತಿಯನ್ನು ತುಂಬುತ್ತೇನೆ, ನಡುವಿನವು ಬಿಟ್ಟುಹೋಗುತ್ತವೆ. ಇದರಿಂದ ಮೆಮೊರಿಯ ಸಮಸ್ಯೆಯೂ ಬಗೆಹರಿಯಿತು. ಕೋರಿಕೆಯ ಪೂಲ್‌ನಿಂದ ಪಡೆದ ಸಣ್ಣ ತುಣುಕುಗಳು ಸಾಮಾನ್ಯವಾಗಿ ಕೋರಿಕೆ ಮುಗಿಯುವವರೆಗೆ ಹಿಂದಿರುಗುವುದಿಲ್ಲ. ಅರೆಕ್ಷಣ ಬಾಳುವ ಕೋರಿಕೆಗೆ ಇದು ಅನುಕೂಲ, ಆದರೆ ದಿನವಿಡೀ ತೆರೆದಿರುವ ಸಂಪರ್ಕದಲ್ಲಿ ಪ್ರತಿ ಸಂದೇಶಕ್ಕೂ ಹೊಸ ತುಣುಕು ಕೇಳಿದರೆ ಪೂಲ್ ಬೆಳೆಯುತ್ತಲೇ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಯೋಚನೆ ಬೇಡಿದ್ದು ಸತ್ತ ಸಂಪರ್ಕಗಳನ್ನು ಗುರುತಿಸುವ ಕೆಲಸ. ಬ್ರೌಸರ್ ಮುಚ್ಚಿದರೆ ಟಿಸಿಪಿಯ (ಸಂಪರ್ಕವನ್ನು ನಡೆಸುವ ಜಾಲ ನಿಯಮಾವಳಿ) ವಿದಾಯದ ಪ್ಯಾಕೆಟ್ ಬರುತ್ತದೆ, ಓದುವ ಇವೆಂಟ್ ಏಳುತ್ತದೆ, ನಮ್ಮ ಕಡೆಯಿಂದಲೂ ಸಂಪರ್ಕ ಮುಚ್ಚಿದರೆ ಮುಗಿಯಿತು. ಕರೆಂಟ್ ಹೋಗಿ ಟವರ್ ನಿಂತಾಗ, ಅಥವಾ ಶಿರಸಿಯಿಂದ ಹೊರಟವರು ದೇವಿಮನೆ ಘಟ್ಟ ಇಳಿಯುವಾಗ ಸಿಗ್ನಲ್ ತಪ್ಪಿದಾಗ, ಯಾವ ಪ್ಯಾಕೆಟ್ಟೂ ಬರುವುದಿಲ್ಲ. ಸರ್ವರ್‌ನ ಲೆಕ್ಕದಲ್ಲಿ ಆ ಸಂಪರ್ಕ ಜೀವಂತವಾಗಿಯೇ ಇರುತ್ತದೆ. ಎದುರಿನವರು ಇದ್ದಾರೆಯೇ ಎಂದು ವಿಚಾರಿಸುವ ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ ಅನ್ನು ಚಾಲೂ ಮಾಡಿದರೂ ಅದರ ಮೊದಲ ವಿಚಾರಣೆ ಮೂಲ ಸೆಟ್ಟಿಂಗ್‌ನಲ್ಲಿ 7,200 ಸೆಕೆಂಡ್, ಅಂದರೆ ಎರಡು ಗಂಟೆಯ ಬಳಿಕ. ಏನಾದರೂ ಕಳುಹಿಸಿ ನೋಡೋಣವೆಂದರೆ, ಕಳುಹಿಸಿದ್ದು ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬಫರ್‌ಗೆ ಹೋಗಿ ಕೂತು ಯಶಸ್ಸೆಂದೇ ಉತ್ತರ ಬರುತ್ತದೆ. ಮರುಪ್ರಯತ್ನಗಳೆಲ್ಲ ಮುಗಿದು ಕರ್ನಲ್ ಕೈಚೆಲ್ಲಲು ಮೂಲ ಸೆಟ್ಟಿಂಗ್‌ನಲ್ಲಿ ಕಾಲು ಗಂಟೆಗೂ ಮೀರಿ ಹಿಡಿಯುತ್ತದೆ. ಹಾಗಾಗಿ ಎರಡು ಕೆಲಸ ಮಾಡಿದೆ. ಸುಮಾರು ಹದಿನೈದು ಸೆಕೆಂಡಿಗೊಮ್ಮೆ ಅಪೂರ್ಣ ವಿರಾಮ (:) ಚಿಹ್ನೆಯಿಂದ ಶುರುವಾಗುವ ಒಂದು ಸಾಲು ಹೋಗುವಂತೆ ಮಾಡಿದೆ. ಬ್ರೌಸರ್ ಅದನ್ನು ಟಿಪ್ಪಣಿಯೆಂದು ಕಡೆಗಣಿಸುತ್ತದೆ. ಜೊತೆಗೆ ಸಾಕೆಟ್‌ಗೆ ಟಿಸಿಪಿ ಯೂಸರ್ ಟೈಮ್‌ಔಟ್ ಎಂಬ ಆಯ್ಕೆಯನ್ನು ಕೊಟ್ಟೆ. ಕಳುಹಿಸಿದ್ದಕ್ಕೆ ಇಂತಿಷ್ಟು ಸಮಯದೊಳಗೆ ಸ್ವೀಕೃತಿ ಬರದಿದ್ದರೆ ಕರ್ನಲ್ ತಾನೇ ಸಂಪರ್ಕ ಕಡಿದು ದೋಷದ ಇವೆಂಟ್ ಎಬ್ಬಿಸುತ್ತದೆ. ಅವಧಿಯನ್ನು ತೀರಾ ಕಡಿಮೆ ಇಟ್ಟರೆ ಬದುಕಿರುವ ನಿಧಾನ ಸಂಪರ್ಕಗಳೂ ಬಲಿಯಾಗುತ್ತವೆ. ಒಂದು ನಿಮಿಷ ನನಗೆ ಹದವೆನಿಸಿತು. ಪರೀಕ್ಷಿಸಲು ಘಟ್ಟ ಇಳಿಯಬೇಕಾಗಿಲ್ಲ: ಲಿನಕ್ಸ್‌ನ ಪ್ಯಾಕೆಟ್ ಶೋಧಕವಾದ ಐಪಿಟೇಬಲ್ಸ್‌ನಲ್ಲಿ ಸರ್ವರ್ ಪೋರ್ಟ್‌ನ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಬೀಳಿಸಿದರೆ ಅದೇ ಪರಿಸ್ಥಿತಿ ಮೇಜಿನ ಮೇಲೆಯೇ ಸಿಗುತ್ತದೆ, ಜಾಲದ ತೊಂದರೆಗಳನ್ನು ಅನುಕರಿಸುವ ನೆಟೆಮ್ ಬಳಸಿ ವಿಳಂಬ ಮತ್ತು ನಷ್ಟವನ್ನೂ ಬೇಕಾದಷ್ಟು ಬೆರೆಸಬಹುದು.

ಮಿತಿಗಳನ್ನು ಏರಿಸುವುದು ಎಲ್ಲರಿಗೂ ತಿಳಿದದ್ದೇ: ಎಂಜಿನ್‌ಎಕ್ಸ್‌ನಲ್ಲಿ ವರ್ಕರ್ ಒಂದಕ್ಕೆ ಮೂಲ ಮಿತಿ 512 ಸಂಪರ್ಕ, ಲಿನಕ್ಸ್‌ನಲ್ಲಿ ಪ್ರಕ್ರಿಯೆಯೊಂದು ತೆರೆಯಬಹುದಾದ ಫೈಲ್‌ಗಳ ಮೃದು (ಏರಿಸಬಹುದಾದ) ಮಿತಿ ಸಾಮಾನ್ಯವಾಗಿ 1,024.

ಸಂರಚನೆ ಬದಲಿಸಿ ಸರ್ವರ್ ರೀಲೋಡ್ ಮಾಡಿದಾಗಿನ ವರ್ತನೆ ಮಾತ್ರ ಮೊದಲೇ ಯೋಚಿಸಿಡಬೇಕಾದ ವಿಷಯ. ಹಳೆಯ ವರ್ಕರ್‌ಗಳು ತಮ್ಮ ಕೊನೆಯ ಸಂಪರ್ಕ ಮುಗಿಯುವವರೆಗೆ ಹೋಗುವುದಿಲ್ಲ, ನಮ್ಮ ಸಂಪರ್ಕಗಳೋ ಮುಗಿಯುವ ಜಾತಿಯವಲ್ಲ. ಸೆಕೆಂಡಿನ ಟೈಮರ್ ಕೂಡ ಹಳೆಯ ವರ್ಕರ್‌ಗಳನ್ನು ಹಿಡಿದಿಟ್ಟುಕೊಳ್ಳದಂತೆ ರದ್ದಾಗಬಲ್ಲದ್ದೆಂದು ಗುರುತು ಹಾಕಬೇಕು. ವರ್ಕರ್ ನಿರ್ಗಮಿಸುತ್ತಿದೆಯೆಂದು ತಿಳಿದೊಡನೆ ಪಟ್ಟಿಯಲ್ಲಿರುವವರನ್ನೆಲ್ಲ ಮಾಡ್ಯೂಲ್ ತಾನೇ ಬೀಳ್ಕೊಡಬೇಕು. ಹಾಗೆ ಬಿಟ್ಟವರೆಲ್ಲ ಒಂದೇ ಕ್ಷಣಕ್ಕೆ ಮರಳಿ ಮುಗಿಬೀಳಬಾರದೆಂದು, ಎಷ್ಟು ಹೊತ್ತಿನ ನಂತರ ಮರುಸಂಪರ್ಕಿಸಬೇಕೆಂದು ಬ್ರೌಸರ್‌ಗೆ ಹೇಳುವ ರಿಟ್ರೈ ಸಾಲಿನಲ್ಲಿ ಪ್ರತಿಯೊಬ್ಬರಿಗೂ ಎರಡರಿಂದ ಹತ್ತು ಸೆಕೆಂಡಿನ ನಡುವಿನ ಬೇರೆ ಬೇರೆ ಅವಧಿಯನ್ನು ಸಂಪರ್ಕದ ಆರಂಭದಲ್ಲಿಯೇ ಕೊಟ್ಟಿರುತ್ತೇನೆ. ಟವರ್‌ಗೆ ಕರೆಂಟ್ ಮರಳಿದಾಗಲೂ ಅದೇ ಸಾಲು ಕೆಲಸಕ್ಕೆ ಬರುತ್ತದೆ.