ವಾಟೆ ಬಿತ್ತಿದ ಗುಂಡಿಯಲ್ಲೇ ಮಾವಿನ ಕಸಿ: ಬಯಲುಸೀಮೆಯ ಹಿತ್ತಲಿಗೆ ಒಪ್ಪುವ ವಿಧಾನ

ಚಿತ್ರದುರ್ಗದ ನಮ್ಮ ಹಿತ್ತಲಿನಲ್ಲಿ ನಾಲ್ಕು ವರ್ಷ ಬೆಳೆದು ಮೊದಲ ಹೂ ಬಿಟ್ಟಿದ್ದ ಬಾದಾಮಿ ಮಾವಿನ ಗಿಡವೊಂದು ಆಷಾಢದ ಗಾಳಿಗೆ ಬುಡಸಮೇತ ವಾಲಿ ಬಿತ್ತು. ನೆಟ್ಟಗೆ ನಿಲ್ಲಿಸಿ ಮಣ್ಣು ಕೊಡೋಣವೆಂದು ಬುಡ ಬಗೆದು ನೋಡಿದರೆ, ತಾಯಿಬೇರು ಕೆಳಗೆ ಇಳಿದೇ ಇರಲಿಲ್ಲ. ನರ್ಸರಿಯ ಪ್ಲಾಸ್ಟಿಕ್ ಚೀಲದ ತಳದಲ್ಲಿ ಹೇಗೆ ಸುತ್ತಿಕೊಂಡಿತ್ತೋ ಹಾಗೆಯೇ, ಕೊಡದ ಕೆಳಗಿನ ಸಿಂಬಿಯಂತೆ, ಹೆಬ್ಬೆರಳ ಗಾತ್ರಕ್ಕೆ ದಪ್ಪಗಾಗಿ ಕುಳಿತಿತ್ತು. ಗಿಡ ಕೊಳ್ಳುವಾಗ ಎಲೆಯ ಹಸಿರನ್ನು ನೋಡಿದ್ದೆನೇ ಹೊರತು ಚೀಲದೊಳಗಿನ ಬೇರನ್ನು ವಿಚಾರಿಸಿರಲಿಲ್ಲ.

ಅಂದಿನಿಂದ ನಾನು ಕಸಿ ಗಿಡವನ್ನು ತಂದು ನೆಡುವುದನ್ನು ಬಿಟ್ಟು, ಗುಂಡಿಯಲ್ಲೇ ನಾಟಿ ಮಾವಿನ ವಾಟೆ ಬಿತ್ತಿ, ಸಸಿ ಬಲಿತ ಮೇಲೆ ಇದ್ದಲ್ಲಿಯೇ ಅದಕ್ಕೆ ಒಳ್ಳೆಯ ತಳಿಯ ಕಡ್ಡಿಯನ್ನು ಕೂಡಿಸಿ ಕಸಿ ಕಟ್ಟುವ ಕ್ರಮವನ್ನು ಹಿಡಿದಿದ್ದೇನೆ. ಮಲೆನಾಡಿನಲ್ಲಿ ಚೀಲದ ಗಿಡವೂ ಬದುಕಿಕೊಂಡೀತು. ಆದರೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಕಂಡು, ಗಾಳಿಯಂತ್ರಗಳು ತಿರುಗುವಷ್ಟು ಗಾಳಿಯನ್ನು ಉಂಡು, ಮಾರ್ಚಿನಿಂದ ಮೇವರೆಗೆ ಒಣಗುವ ನಮ್ಮ ನೆಲದಲ್ಲಿ, ಒಮ್ಮೆಯೂ ಕದಲಿಸದ ತಾಯಿಬೇರು ಆಳದ ತೇವವನ್ನು ಹುಡುಕಿಕೊಂಡು ಹೋಗುವುದೇ ಮರಕ್ಕೆ ದೊಡ್ಡ ಆಧಾರ. ಇದರಲ್ಲಿ ಒಂದು ವರ್ಷ ತಡವಾಗುತ್ತದೆ ಎಂಬುದು ನಿಜ. ಆ ಒಂದು ವರ್ಷವನ್ನು ಕೊಡಲು ಸಿದ್ಧರಿರುವವರಿಗಾಗಿ ಈ ಲೇಖನ.

ವಾಟೆಯಿಂದಲೇ ಮರ ಬರುವುದಾದರೆ ಕಸಿ ಏಕೆ ಎಂದು ಕೇಳುವವರಿದ್ದಾರೆ. ಬಾದಾಮಿ, ರಸಪುರಿಯಂತಹ ನಮ್ಮ ತಳಿಗಳ ವಾಟೆಯಲ್ಲಿ ಇರುವುದು ಒಂದೇ ಭ್ರೂಣ. ಅದು ಪರಾಗಸ್ಪರ್ಶದಿಂದ ಹುಟ್ಟಿದ್ದಾದ್ದರಿಂದ ತಾಯಿಯ ಗುಣವನ್ನು ಹಾಗೆಯೇ ಹೊತ್ತು ತರುವುದಿಲ್ಲ. ಬಾದಾಮಿ ತಿಂದು ಬಿತ್ತಿದ ವಾಟೆ ಏಳೆಂಟು ವರ್ಷದ ಮೇಲೆ ನಾರು ನಾರಾದ ಹುಳಿ ಹಣ್ಣು ಕೊಟ್ಟ ಉದಾಹರಣೆ ಪ್ರತಿ ಓಣಿಯಲ್ಲೂ ಸಿಗುತ್ತದೆ. ಕಸಿ ಕಟ್ಟಿದ ಗಿಡವಾದರೆ ಮೂರು ನಾಲ್ಕು ವರ್ಷಕ್ಕೇ ಹೂ ಬಿಡುತ್ತದೆ, ಹಣ್ಣೂ ತಾಯಿಮರದ ಹಣ್ಣೇ ಆಗಿರುತ್ತದೆ.

ಜಾಗ, ಗುಂಡಿ, ವಾಟೆ

ಮೊದಲು ಜಾಗ. ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಹಿತ್ತಲಿಗೆ ದೊಡ್ಡದಾಗಿ ಹರಡುವ ಮಾವು ಹೊಂದುವುದಿಲ್ಲ. ಅಂತಹ ಕಡೆ ಗಿಡ್ಡ ತಳಿಯಾದ ಆಮ್ರಪಾಲಿಯನ್ನು ಆರಿಸಿಕೊಳ್ಳಿ. ತೋಟಗಳಲ್ಲಿ ಇದನ್ನು ಎರಡೂವರೆ ಮೀಟರ್ ಅಂತರದಲ್ಲಿಯೂ ಬೆಳೆಸುತ್ತಾರೆ. ದಶೇರಿ ಮತ್ತು ನೀಲಂ ತಳಿಗಳನ್ನು ಸಂಕರಿಸಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಇದನ್ನು ರೂಪಿಸಿತು. ಅವೇ ಎರಡು ತಳಿಗಳನ್ನು ಅದಲುಬದಲು ಮಾಡಿ ಸಂಕರಿಸಿದಾಗ ಬಂದದ್ದು ಮಲ್ಲಿಕಾ. ಬಾದಾಮಿಯ ರುಚಿ ಬೇಕು, ಆದರೆ ವರ್ಷ ಬಿಟ್ಟು ವರ್ಷ ಫಸಲು ಕೊಡುವ ಅದರ ಅಭ್ಯಾಸ ಬೇಡ, ತಿರುಳು ಸ್ಪಂಜಿನಂತಾಗುವ ತೊಂದರೆಯೂ ಬೇಡ ಎನ್ನುವವರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಪುನೀತ್ ತಳಿಯ ಕಡ್ಡಿಯನ್ನು ಹುಡುಕಬಹುದು; ಅದು ಬಾದಾಮಿ ಮತ್ತು ಬಂಗನಪಲ್ಲಿಯ ಸಂಕರ. ತಳಿ ಯಾವುದೇ ಇರಲಿ, ಮನೆಯ ಪಾಯದಿಂದ ಹತ್ತು ಹನ್ನೆರಡು ಅಡಿ ದೂರವಿರಲಿ.

ಏಪ್ರಿಲ್‌ನಲ್ಲಿ ಮೂರಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಒಂದು ತಿಂಗಳು ಬಿಸಿಲಿಗೆ ಬಿಡಿ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ಕೆಂಪು ಗರಸು ನೆಲದಲ್ಲಿ ಎರಡಡಿಗೇ ಗಟ್ಟಿ ಪದರ ಸಿಗುವುದುಂಟು. ಅದನ್ನು ಹಾರೆಯಿಂದ ಒಡೆಯದೆ ಬಿಟ್ಟರೆ ಈ ಎಲ್ಲ ಶ್ರಮದ ಉದ್ದೇಶವೇ ಕೆಡುತ್ತದೆ. ದಾವಣಗೆರೆ, ಹರಿಹರದ ಎರೆ ನೆಲದ ಸಮಸ್ಯೆ ಇದಕ್ಕೆ ತದ್ವಿರುದ್ಧ: ಅಲ್ಲಿ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ನೆಲ ಬಿರಿದು ಬೇರು ಹರಿಯುತ್ತದೆ. ಆದ್ದರಿಂದ ಎರೆ ಮಣ್ಣಿಗೆ ಮರಳು ಅಥವಾ ಕೆಂಪು ಮಣ್ಣು ಬೆರೆಸಿ, ಗುಂಡಿಯನ್ನು ನೆಲಮಟ್ಟಕ್ಕಿಂತ ಒಂದಡಿ ಎತ್ತರಕ್ಕೆ ದಿಬ್ಬ ಮಾಡಿ ತುಂಬಬೇಕು. ಎರಡೂ ಕಡೆ ಮೇಲ್ಮಣ್ಣಿನ ಜೊತೆ 20ರಿಂದ 25 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಹಸಿ ಗೊಬ್ಬರ ಹಾಕಿದರೆ ಗೆದ್ದಲನ್ನು ಕೈಬೀಸಿ ಕರೆದಂತೆ.

ವಾಟೆಗೆ ನಾಟಿ ಮಾವಿನ ಹಣ್ಣನ್ನೇ ಆರಿಸಿ, ಮರ ಬರ ತಡೆದು ನಿಂತದ್ದಾಗಿರಲಿ. ಮಾವಿನ ಬೀಜಕ್ಕೆ ಆಯಸ್ಸು ಕಡಿಮೆ. ಹಣ್ಣು ತಿಂದ ವಾರದೊಳಗೆ ಬಿತ್ತುವುದು ಉತ್ತಮ. ತೊಳೆದ ವಾಟೆಗಳನ್ನು ಬಕೆಟ್ ನೀರಿಗೆ ಹಾಕಿ, ತೇಲಿದವನ್ನು ಬಿಟ್ಟು ಮುಳುಗಿದವನ್ನು ಆರಿಸಿ. ಗಟ್ಟಿ ಕವಚದ ಅಂಚನ್ನು ಕತ್ತರಿಯಿಂದ ಬಿಡಿಸಿ ಒಳಗಿನ ಬೀಜವನ್ನು ನೋಡುವುದು ಇನ್ನೂ ಒಳ್ಳೆಯದು, ಏಕೆಂದರೆ ವಾಟೆ ಕೊರೆಯುವ ಹುಳು ಹೊರಗೆ ಗುರುತು ಕಾಣಿಸದೆ ಒಳಗೆ ತಿಂದಿರುತ್ತದೆ. ಜೂನ್‌ನಲ್ಲಿ ಗುಂಡಿಗೆ ಮೂರು ವಾಟೆಯಂತೆ, ಎರಡು ಇಂಚು ಆಳಕ್ಕೆ ಬಿತ್ತಿ. ಎರಡು ಮೂರು ವಾರದಲ್ಲಿ ತಾಮ್ರದ ಬಣ್ಣದ ಎಳೆ ಎಲೆಗಳು ಬರುತ್ತವೆ. ಮೂರು ತಿಂಗಳ ಬಳಿಕ ನೆಟ್ಟಗೆ ಬಂದ ಒಂದನ್ನು ಉಳಿಸಿ ಉಳಿದವನ್ನು ಕತ್ತರಿಸಿ ತೆಗೆಯಿರಿ. ಕೀಳಲು ಹೋದರೆ ಉಳಿಯಬೇಕಾದ ಸಸಿಯ ಬೇರೂ ಅಲುಗುತ್ತದೆ. ಆಡು ಕುರಿ ಬರುವ ಓಣಿಯಾದರೆ ಸುತ್ತ ಜಾಲಿ ಮುಳ್ಳಿನ ಬೇಲಿ ಕಡ್ಡಾಯ.

ಕಸಿಕಡ್ಡಿಯ ಆಯ್ಕೆ

ಮರುವರ್ಷದ ಜುಲೈ ಹೊತ್ತಿಗೆ ಸಸಿಯ ಕಾಂಡ ಪೆನ್ಸಿಲ್ ಗಾತ್ರಕ್ಕೆ ಬಂದು, ತುದಿಯಲ್ಲಿ ಹೊಸ ಚಿಗುರು ಒಡೆದಿರುತ್ತದೆ. ಪುನರ್ವಸು, ಪುಷ್ಯ ಮಳೆಯ ದಿನಗಳಿಂದ ಮಘೆಯವರೆಗೆ, ಅಂದರೆ ಜುಲೈ ಮೊದಲ ವಾರದಿಂದ ಆಗಸ್ಟ್ ಕೊನೆಯವರೆಗೆ, ಗಾಳಿಯಲ್ಲಿ ತೇವವಿರುವುದರಿಂದ ಕಸಿಗೆ ಇದೇ ತಕ್ಕ ಕಾಲ.

ಕಡ್ಡಿ ಕೊಡುವ ತಾಯಿಮರದ ಹಣ್ಣನ್ನು ನೀವೇ ತಿಂದು ನೋಡಿರಬೇಕು, ಅದು ಹಲವು ವರ್ಷ ಫಸಲು ಕೊಟ್ಟದ್ದೂ ಆಗಿರಬೇಕು. ಆ ಮರದಲ್ಲಿ ಮೂರು ನಾಲ್ಕು ತಿಂಗಳ ಹಿಂದೆ ಬಂದ, ಆ ಸಲ ಹೂ ಬಿಡದ, ನಿಮ್ಮ ಸಸಿಯಷ್ಟೇ ದಪ್ಪನೆಯ ಕುಡಿಯನ್ನು ಗುರುತಿಸಿ. ಅದನ್ನು ಕೂಡಲೇ ಕತ್ತರಿಸಬಾರದು. ಕಸಿ ಕಟ್ಟುವುದಕ್ಕೆ ಏಳರಿಂದ ಹತ್ತು ದಿನ ಮೊದಲು ಆ ಕುಡಿಯ ಎಲೆಗಳನ್ನೆಲ್ಲ, ಅರ್ಧ ಇಂಚು ತೊಟ್ಟು ಉಳಿಯುವಂತೆ, ಕತ್ತರಿಯಿಂದ ಸವರಿ ಬಿಡಬೇಕು. ಎಲೆ ಹೋದ ಮೇಲೆ ಆಹಾರವೆಲ್ಲ ಮೊಗ್ಗಿಗೆ ಸೇರಿ ತುದಿಮೊಗ್ಗು ಊದಿಕೊಳ್ಳುತ್ತದೆ. ಉಳಿದ ತೊಟ್ಟು ಬೆರಳು ತಾಗಿದೊಡನೆ ಕಳಚಿ ಬಿದ್ದರೆ ಕಡ್ಡಿ ಸಿದ್ಧವಾಗಿದೆ ಎಂದು ತಿಳಿಯಬೇಕು. ಈ ಒಂದು ವಾರದ ತಯಾರಿಯನ್ನು ಬಿಟ್ಟವರ ಕಸಿಗಳೇ ಹೆಚ್ಚಾಗಿ ಸಾಯುವುದನ್ನು ನಾನು ಕಂಡಿದ್ದೇನೆ.

ಬೆಳಗಿನ ತಂಪಿನಲ್ಲಿ ನಾಲ್ಕರಿಂದ ಆರು ಇಂಚಿನ ಕಡ್ಡಿಗಳನ್ನು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಸುತ್ತಿ ತನ್ನಿ. ಚನ್ನಗಿರಿಯ ನೆಂಟರ ತೋಟದಿಂದ ಬಸ್ಸಿನಲ್ಲಿ ತಂದರೂ ಆ ದಿನವೇ ಕಟ್ಟಿದರೆ ಕೆಡುವುದಿಲ್ಲ.

ಕತ್ತಿ ಹಿಡಿಯುವ ದಿನ

ನನಗೆ ಕಸಿ ಕಲಿಸಿದ ಹಿರಿಯ ಮಾಲಿಯೊಬ್ಬರು ಮೊದಲ ದಿನ ಮಾವಿನ ಗಿಡದ ಹತ್ತಿರಕ್ಕೂ ಬಿಡಲಿಲ್ಲ. “ತಮ್ಮಾ, ಮೊದ್ಲು ಹೊಂಗೆ ಕಡ್ಡಿ ಕೆತ್ತು, ಕೈ ಕುದುರ್ಲಿ. ಮಾವಿಗೆ ಆಮೇಲೆ ಕೈ ಹಾಕೀಯಂತೆ” ಎಂದು ಜಗಲಿಯ ಮೇಲೆ ಕೂರಿಸಿದರು. ಹೊಸಬರು ಇದನ್ನು ಪಾಲಿಸುವುದು ಒಳಿತು. ಕತ್ತಿ ಕೂದಲು ಬೋಳಿಸುವಷ್ಟು ಹರಿತವಾಗಿರಬೇಕು. ಹೊಸ ಶೇವಿಂಗ್ ಬ್ಲೇಡೂ ಆದೀತು. ಅಲಗನ್ನು ಸ್ಪಿರಿಟ್‌ನಿಂದ ಒರೆಸಿಕೊಳ್ಳಿ.

ಸಸಿಯನ್ನು ನೆಲದಿಂದ ಮುಕ್ಕಾಲು ಅಡಿ ಎತ್ತರದಲ್ಲಿ, ಕಾಂಡ ಇನ್ನೂ ಮೆತ್ತಗಿರುವ ಕಡೆ ಅಡ್ಡಲಾಗಿ ಕತ್ತರಿಸಿ, ಕೆಳಗಿನ ನಾಲ್ಕೈದು ಎಲೆಗಳನ್ನು ಉಳಿಸಿಕೊಳ್ಳಿ. ಕತ್ತರಿಸಿದ ತಲೆಯ ನಟ್ಟನಡುವೆ ಒಂದೂವರೆ ಇಂಚು ಆಳಕ್ಕೆ ಸೀಳಿ. ಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಅಷ್ಟೇ ಉದ್ದಕ್ಕೆ ಬೆಣೆಯಂತೆ ಕೆತ್ತಿ. ಒಂದೊಂದು ಬದಿಗೂ ಒಂದೇ ಎಳೆತ ಸಾಕು. ಮತ್ತೆ ಮತ್ತೆ ಕೆರೆದರೆ ಮೈ ತಗ್ಗುದಿಣ್ಣೆಯಾಗಿ ನಡುವೆ ಗಾಳಿ ನಿಲ್ಲುತ್ತದೆ. ಕೆತ್ತಿದ ಬೆಣೆಯನ್ನು ಬೆಳಕಿಗೆ ಹಿಡಿದು ನೋಡಿ: ಹೊರಗೆ ಕಂದು ತೊಗಟೆ, ನಡುವೆ ಬಿಳಿ ಕಟ್ಟಿಗೆ, ಇವೆರಡರ ನಡುವೆ ನೂಲಿನೆಳೆಯಷ್ಟು ತೆಳುವಾದ, ತೇವದಿಂದ ಹೊಳೆಯುವ ಹಸಿರು ಗೆರೆ. ಬೆಸುಗೆ ಆಗುವುದು ಅಲ್ಲಿಂದ ಮಾತ್ರ. ಸಸಿಯ ಹಸಿರು ಗೆರೆಗೆ ಕಡ್ಡಿಯ ಹಸಿರು ಗೆರೆ ತಾಗಿ ಕೂರಬೇಕು. ಕಡ್ಡಿ ತುಸು ಸಣ್ಣದಾದರೆ ನಡುವೆ ಇಡದೆ ಒಂದು ಪಕ್ಕಕ್ಕೆ ಸರಿಸಿ, ಆ ಒಂದು ಬದಿಯಲ್ಲಾದರೂ ಗೆರೆಗಳು ಕೂಡುವಂತೆ ನೋಡಿಕೊಳ್ಳಿ. ಒಸರುವ ಸೊನೆಯನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ತೆಗೆಯಿರಿ, ಬೆರಳಿನಿಂದ ಮುಟ್ಟಬೇಡಿ. ಸೊನೆ ಚರ್ಮವನ್ನು ಸುಡುತ್ತದೆ, ಬೆರಳಿನ ಕೊಳೆ ಗಾಯವನ್ನು ಕೆಡಿಸುತ್ತದೆ.

ಮುಕ್ಕಾಲು ಇಂಚು ಅಗಲದ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ, ಸುತ್ತಿನ ಮೇಲೆ ಅರ್ಧ ಸುತ್ತು ಬರುವಂತೆ ಬಿಗಿಯಾಗಿ ಎಳೆದು ಕಟ್ಟಿ. ಕೆತ್ತುವುದರಿಂದ ಕಟ್ಟುವವರೆಗೆ ಎರಡು ಮೂರು ನಿಮಿಷಕ್ಕಿಂತ ಹೆಚ್ಚಾಗಬಾರದು.

ಟೋಪಿ, ನೆರಳು, ನೀರು

ನಮ್ಮ ಜಿಲ್ಲೆಗಳಲ್ಲಿ ಕಸಿ ಸಾಯುವುದಕ್ಕೆ ಮುಖ್ಯ ಕಾರಣ ಒಣಗುವಿಕೆ. ಸಸಿಯಿಂದ ನೀರು ಏರಲು ಕಡ್ಡಿಗೆ ಎರಡು ವಾರವಾದರೂ ಬೇಕು. ಅಷ್ಟು ದಿನ ಅದು ತನ್ನೊಳಗಿನ ತೇವದಿಂದಲೇ ಬದುಕಬೇಕು. ಆದ್ದರಿಂದ ಐಸ್‌ಕ್ಯಾಂಡಿ ತುಂಬುವ ಉದ್ದನೆಯ ಪಾರದರ್ಶಕ ಕವರನ್ನು ಕಡ್ಡಿಯ ಮೇಲೆ ಟೋಪಿಯಂತೆ ಹಾಕಿ, ಬೆಸುಗೆಯ ಕೆಳಗೆ ದಾರದಿಂದ ಕಟ್ಟಿ. ಒಳಗೆ ಹನಿಗಟ್ಟಿದರೆ ಗಾಬರಿ ಬೇಡ, ಆ ತೇವವೇ ನಮಗೆ ಬೇಕಾದದ್ದು. ಆದರೆ ನೇರ ಬಿಸಿಲು ಬಿದ್ದರೆ ಅದೇ ಕವರಿನೊಳಗೆ ಕಡ್ಡಿ ಬೆಂದುಹೋಗುತ್ತದೆ. ಪಡುವಣ ದಿಕ್ಕಿಗೆ ತೆಂಗಿನ ಗರಿ ಸಿಕ್ಕಿಸಿ ನೆರಳು ಮಾಡಿ, ಪಕ್ಕದಲ್ಲಿ ಬಿದಿರಿನ ಗೂಟ ನೆಟ್ಟು ಸಸಿಯನ್ನು ಎರಡು ಕಡೆ ಸಡಿಲವಾಗಿ ಕಟ್ಟಿ. ಆಷಾಢದ ಗಾಳಿಯಲ್ಲಿ ಗೂಟವಿಲ್ಲದ ಕಸಿ ಅಲುಗಾಡಿ, ಕೂಡುತ್ತಿರುವ ಗೆರೆಗಳು ಮತ್ತೆ ಬಿಡುತ್ತವೆ.

ಎರಡು ಮೂರು ವಾರದಲ್ಲಿ ತುದಿಮೊಗ್ಗು ಬಿರಿಯುತ್ತದೆ. ಚಿಗುರು ಒಂದು ಇಂಚಾದ ಮೇಲೆ ಟೋಪಿಯನ್ನು ಸಂಜೆಯ ಹೊತ್ತು ತೆಗೆಯಿರಿ, ಹಗಲಲ್ಲಿ ತೆಗೆದರೆ ಒಮ್ಮೆಗೇ ಬಾಡುತ್ತದೆ. ತಿಂಗಳಾದರೂ ಮೊಗ್ಗು ಕದಲದೆ ಕಡ್ಡಿ ಕಪ್ಪಾದರೆ, ಸಸಿಯಲ್ಲಿ ಕೆಳಗಿನಿಂದ ಬರುವ ಹೊಸ ಚಿಗುರಿನ ಮೇಲೆ ಇನ್ನೊಮ್ಮೆ ಕಟ್ಟಬಹುದು. ಗುಂಡಿಯಲ್ಲೇ ಕಸಿ ಕಟ್ಟುವ ಕ್ರಮದಲ್ಲಿ ಸೋತರೂ ಬೇರು ಕೈಬಿಡುವುದಿಲ್ಲ. ಕಸಿ ಹಿಡಿದಿದ್ದರೆ ಮಾತ್ರ ಬೆಸುಗೆಯ ಕೆಳಗೆ ಬರುವ ಪ್ರತಿ ಚಿಗುರನ್ನೂ ಉಗುರಿನಲ್ಲಿ ಚಿವುಟಿ ಹಾಕಬೇಕು. ಬಿಟ್ಟರೆ ನಾಟಿ ಮಾವು ಸೊಂಪಾಗಿ ಬೆಳೆದು ಕಸಿಯ ಭಾಗವನ್ನು ಹಿಂದೆ ಹಾಕುತ್ತದೆ.

ನೀರನ್ನು ಮೊದಲ ತಿಂಗಳು ಮಳೆಯಿಲ್ಲದಿದ್ದರೆ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ ಹತ್ತು ಹದಿನೈದು ಲೀಟರ್ ಕೊಡಿ. ಗಡಸು ಬೋರ್‌ವೆಲ್ ನೀರಿನ ಉಪ್ಪಿನಿಂದ ಎಲೆಯ ತುದಿ ಸುಟ್ಟಂತಾಗುವುದು ಸಾಮಾನ್ಯ. ಚಾವಣಿಯ ಮಳೆನೀರನ್ನು ಪಾತಿಗೆ ತಿರುಗಿಸಿದರೆ ಆ ಉಪ್ಪು ಕೆಳಗಿಳಿಯುತ್ತದೆ. ಪಾತಿಗೆ ಹೊದಿಕೆ ಬೇಕೇ ಬೇಕು. ಚಳ್ಳಕೆರೆಯ ಕಡೆಯವರಿಗೆ ಶೇಂಗಾ ಸಿಪ್ಪೆ, ದಾವಣಗೆರೆಯವರಿಗೆ ಭತ್ತದ ಹುಲ್ಲು, ಮೆಕ್ಕೆಜೋಳದ ದಂಟು ಸುಲಭವಾಗಿ ಸಿಗುತ್ತವೆ. ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು ಹರಡಿ, ಗೆದ್ದಲಿನ ನೆಲವಾದರೆ ಬೇವಿನ ಹಿಂಡಿ ಬೆರೆಸಿ.

ಹಿತ್ತಲಿನಲ್ಲಿ ಈಗಾಗಲೇ ಹುಳಿ ಹಣ್ಣಿನ ನಾಟಿ ಮರವಿದ್ದರೆ ಅದನ್ನು ಬುಡಮಟ್ಟ ಕಡಿಯಬೇಕಿಲ್ಲ. ಒಂದು ಕೊಂಬೆಯನ್ನು ಉಸಿರಿಗೆಂದು ಉಳಿಸಿ, ಮಿಕ್ಕದ್ದನ್ನು ಮೂರು ನಾಲ್ಕು ಅಡಿ ಎತ್ತರಕ್ಕೆ ಗರಗಸದಿಂದ ಕೊಯ್ದು, ಗಾಯಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೊ ಮುಲಾಮು ಬಳಿಯಿರಿ. ಒಡೆದ ಚಿಗುರುಗಳಲ್ಲಿ ಬಲವಾದ ನಾಲ್ಕೈದನ್ನು ಉಳಿಸಿ, ಅವುಗಳ ಮೇಲೆ ಇದೇ ರೀತಿ ಕಸಿ ಕಟ್ಟಿ. ಬೇರೆ ಹಣ್ಣುಗಳಿಗೆ ಇಷ್ಟು ಕಷ್ಟಪಡುವ ಅಗತ್ಯವಿಲ್ಲ: ದಾಳಿಂಬೆ ಬಲಿತ ಕಡ್ಡಿಯಿಂದ ಬರುತ್ತದೆ, ಸೀಬೆಗೆ ಗೂಟಿ (ಮರದಲ್ಲಿರುವ ಕೊಂಬೆಗೇ ತೊಗಟೆ ತೆಗೆದು, ತೇವ ಕಟ್ಟಿ ಬೇರು ಬರಿಸುವುದು) ಕಟ್ಟಿದರಾಯಿತು, ಲಿಂಬೆ ಬೀಜದಿಂದಲೂ ತಾಯಿಗುಣವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಸಪೋಟದ ಕಸಿಗೆ ಬುಡವಾಗಿ ಬೇಕಾದ ಖಿರ್ನಿ ಎಂಬ ಮರದ ಸಸಿ ಬಹಳ ನಿಧಾನವಾಗಿ ಬೆಳೆಯುವುದರಿಂದ ಸಿದ್ಧ ಕಸಿ ಗಿಡವನ್ನು, ಬೇರನ್ನು ನೋಡಿ, ಕೊಳ್ಳುವುದೇ ಸರಿ.

ಮೂರು ತಿಂಗಳು ಕಳೆದ ಮೇಲೆ, ದೀಪಾವಳಿಯ ಹೊತ್ತಿಗೆ, ಬೆಸುಗೆಯ ಪಟ್ಟಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ. ಮರೆತರೆ ಕಾಂಡ ದಪ್ಪಗಾಗುತ್ತ ಪಟ್ಟಿ ಕುತ್ತಿಗೆಗೆ ಉರುಳಾಗಿ, ಮುಂದೆ ಅಲ್ಲಿಯೇ ಮುರಿಯುತ್ತದೆ. ಮೊದಲ ಮೂರು ವರ್ಷ ಬರುವ ಹೂಗೊಂಚಲನ್ನು ಚಿವುಟಿ ತೆಗೆಯಬೇಕು. ಮನೆಯ ಮಕ್ಕಳಿಗೆ ಇದು ಹಿಡಿಸುವುದಿಲ್ಲ, ಆದರೂ ತೆಗೆಯಲೇಬೇಕು. ನಾಲ್ಕನೆಯ ವರ್ಷ ಗೊಂಚಲಿಗೊಂದರಂತೆ ಹತ್ತು ಹನ್ನೆರಡು ಕಾಯಿ ಉಳಿಸಿ, ಮಿಡಿಯಾದವನ್ನು ಉಪ್ಪಿನಕಾಯಿಗೆ ಕಿತ್ತುಕೊಳ್ಳಿ.